ಯಾವ ಪಾನೀಯಕ್ಕೆ ಯಾವ ಲೋಟ?

ಪರೀಕ್ಷೆಗೆ ಓದುತ್ತ ಕುಳಿತ ಮಗಳಿಗೆಂದು ಅಮ್ಮ ಕುದಿಯುವ ಹಾಲನ್ನು ದಪ್ಪ ಗಾಜಿನ ಲೋಟಕ್ಕೆ ಸುರಿಯುತ್ತಾರೆ. ‘ಟಪ್’ ಎಂದು ಲೋಟ ಸೀಳುತ್ತದೆ! ದಪ್ಪಗಿದ್ದರೆ ಗಟ್ಟಿ ಎಂಬ ನಂಬಿಕೆ ಇಲ್ಲಿ ಸುಳ್ಳಾಗುತ್ತದೆ. ಗಾಜಿನಲ್ಲಿ ಶಾಖ ನಿಧಾನವಾಗಿ ಹರಿಯುತ್ತದೆ. ಒಳಮೈ ಬಿಸಿಯಾಗಿ ಹಿಗ್ಗುವಾಗ ಹೊರಮೈ ಇನ್ನೂ ತಣ್ಣಗೇ ಇರುತ್ತದೆ. ಈ ಎಳೆದಾಟದಲ್ಲಿ ಗಾಜು ಬಿರಿಯುತ್ತದೆ. ದಪ್ಪ ಹೆಚ್ಚಿದಷ್ಟೂ ಅಪಾಯ ಹೆಚ್ಚು.

ಪ್ರಯೋಗಾಲಯದ ಬೀಕರಿಗೆ ಬಳಸುವ ಬೋರೋಸಿಲಿಕೇಟ್ ಗಾಜು ಸಾಮಾನ್ಯ ಗಾಜಿನ ಮೂರನೇ ಒಂದು ಪಾಲಿನಷ್ಟು ಮಾತ್ರ ಹಿಗ್ಗುತ್ತದೆ. ಆದ್ದರಿಂದಲೇ ಅದು ಬಿಸಿಯನ್ನು ತಾಳಿಕೊಳ್ಳುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಇದನ್ನು ರೂಪಿಸಿದವರು ಜರ್ಮನಿಯ ಆಟೋ ಷಾಟ್. ಬಿಸಿ ಹಾಲು, ಕಾಫಿಗೆ ಇಂಥ ಲೋಟ ಇಲ್ಲವೇ ಸ್ಟೀಲ್ ಲೋಟವೇ ಸರಿ.

ನಿಂಬೆ ಪಾನಕ, ಮಜ್ಜಿಗೆಗೆ? ಗಾಜೇ ಮೇಲು, ಹುಳಿ ಅದನ್ನು ಏನೂ ಮಾಡದು. ತಾಮ್ರ ಅಥವಾ ಕಲಾಯಿ ಇಲ್ಲದ ಹಿತ್ತಾಳೆ ಪಾತ್ರೆಯಲ್ಲಿ ಇವನ್ನು ಇಡಬಾರದು. ಹುಳಿಗೆ ತಾಮ್ರ ಕರಗಿ ಪಾನೀಯದೊಳಗೆ ಸೇರಿದರೆ ಹೊಟ್ಟೆ ತೊಳಸಿ ವಾಂತಿಯಾದೀತು.

ಫ್ರಿಜ್ಜಿನಿಂದ ತೆಗೆದ ಗಾಜಿನ ಲೋಟಕ್ಕೆ ಒಡನೆ ಬಿಸಿ ಸುರಿಯಬೇಡಿ. ಕೂದಲೆಳೆಯಷ್ಟು ಬಿರುಕು ಕಂಡರೂ ಲೋಟವನ್ನು ಎಸೆಯಿರಿ. ಕೊಳ್ಳುವಾಗ ಅಂದ ನೋಡುವುದು ಸಹಜ. ಅದರಲ್ಲಿ ಏನು ಕುಡಿಯುತ್ತೀರಿ ಎಂಬುದನ್ನೂ ಒಮ್ಮೆ ಯೋಚಿಸಿ.