ನೌಕರನ ಜೇಬು, ಕಂಪನಿಯ ತಿಜೋರಿ

ಅಮೆರಿಕದಲ್ಲಿ ಚುನಾವಣೆ ಬಂದಾಗಲೆಲ್ಲ ಗೂಗಲ್, ಮೈಕ್ರೋಸಾಫ್ಟ್‌ನಂತಹ ತಂತ್ರಜ್ಞಾನ ಕಂಪನಿಗಳು ಇಂತಹ ಪಕ್ಷಕ್ಕೆ ಇಷ್ಟು ಡಾಲರ್ ನೀಡಿದವೆಂಬ ಸುದ್ದಿ ಪ್ರಕಟವಾಗುತ್ತದೆ. ಲೆಕ್ಕ ಬಲ್ಲವರು ಕೇಳಬೇಕಾದ ಮೊದಲ ಪ್ರಶ್ನೆ: ಹಣ ಹೋದದ್ದು ಯಾರ ಖಾತೆಯಿಂದ?

ಅಲ್ಲಿ ರಾಷ್ಟ್ರಮಟ್ಟದ ಅಭ್ಯರ್ಥಿಗಳಿಗೆ ಕಂಪನಿಗಳು ನೇರವಾಗಿ ದೇಣಿಗೆ ನೀಡುವುದನ್ನು 1907ರಲ್ಲಿಯೇ ನಿಷೇಧಿಸಲಾಗಿದೆ. 2010ರ ಸುಪ್ರೀಂ ಕೋರ್ಟ್ ತೀರ್ಪು ಸ್ವತಂತ್ರ ಪ್ರಚಾರವೆಚ್ಚಕ್ಕೆ ಅವಕಾಶ ನೀಡಿತೇ ಹೊರತು ಈ ನಿಷೇಧವನ್ನು ತೆಗೆಯಲಿಲ್ಲ. ಆದುದರಿಂದ ಕಂಪನಿಯ ಹೆಸರಿನಲ್ಲಿ ಅಭ್ಯರ್ಥಿಗಳ ಲೆಕ್ಕದಲ್ಲಿ ಕಾಣುವ ಮೊತ್ತ ಬಹುಮಟ್ಟಿಗೆ ನೌಕರರು ಸ್ವಂತ ಸಂಬಳದಿಂದ ಕೊಟ್ಟ ಹಣದ ಒಟ್ಟು ಮೊತ್ತ. ಒಬ್ಬ ವ್ಯಕ್ತಿಯ ದೇಣಿಗೆ ಒಂದು ಚುನಾವಣಾ ಅವಧಿಯಲ್ಲಿ 200 ಡಾಲರ್ ಮೀರಿದರೆ, ಅಭ್ಯರ್ಥಿಯ ಸಮಿತಿಯು ಆತನ ಹೆಸರು, ವಿಳಾಸ, ವೃತ್ತಿಯೊಡನೆ ಉದ್ಯೋಗದಾತನ ಹೆಸರನ್ನೂ ವರದಿ ಮಾಡಬೇಕು. ಉದ್ಯೋಗದಾತನು ಆ ಹಣವನ್ನು ನೌಕರನಿಗೆ ಮರುಪಾವತಿ ಮಾಡುವುದು ಅಪರಾಧ.

ಈ ಪಾರದರ್ಶಕತೆಗೂ ಬೆಲೆಯುಂಟು. ಮೊಜಿಲ್ಲಾ ಸಂಸ್ಥೆಯ ಸಹಸಂಸ್ಥಾಪಕ ಬ್ರೆಂಡನ್ ಐಕ್, 2008ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸಲಿಂಗ ವಿವಾಹ ನಿಷೇಧದ ಪರವಾದ ಪ್ರಚಾರಕ್ಕೆ ಸ್ವಂತ 1,000 ಡಾಲರ್ ನೀಡಿದ್ದರು. 2014ರ ಮಾರ್ಚ್‌ನಲ್ಲಿ ಅವರು ಮುಖ್ಯ ಕಾರ್ಯನಿರ್ವಾಹಕರಾದಾಗ ಆ ದೇಣಿಗೆ ಮತ್ತೆ ಚರ್ಚೆಗೆ ಬಂದು, ಎರಡೇ ವಾರದೊಳಗೆ ರಾಜೀನಾಮೆ ನೀಡಬೇಕಾಯಿತು. ಅವರ ನಿಲುವಿನ ವಿಚಾರ ಬೇರೆ. ಹುದ್ದೆ ಏರಿದಂತೆ ಖಾಸಗಿ ಚೆಕ್ಕೂ ಸಂಸ್ಥೆಯ ಚೆಕ್ಕಿನಂತೆ ಕಾಣತೊಡಗುತ್ತದೆ ಎಂಬುದು ಗಮನಾರ್ಹ. ಹಾಗೆಂದು ದೇಣಿಗೆಯನ್ನು ಮರೆಮಾಚುವುದು ಪರಿಹಾರವಲ್ಲ.

ನಮ್ಮಲ್ಲಿ ಕಂಪನಿಯೇ ದೇಣಿಗೆ ನೀಡಬಹುದು. 2013ರ ಕಂಪನಿ ಕಾಯ್ದೆಯ 182ನೆಯ ಕಲಮಿನಂತೆ ಅದಕ್ಕೆ ನಿರ್ದೇಶಕ ಮಂಡಳಿಯ ನಿರ್ಣಯ ಬೇಕು. ಹಿಂದಿನ 3 ವರ್ಷಗಳ ಸರಾಸರಿ ನಿವ್ವಳ ಲಾಭದ ಶೇ. 7.5ರ ಮಿತಿಯನ್ನು 2017ರಲ್ಲಿ ತೆಗೆದುಹಾಕಲಾಗಿತ್ತು. ಪಕ್ಷದ ಹೆಸರನ್ನು ಲಾಭ-ನಷ್ಟ ಖಾತೆಯಲ್ಲಿ ತೋರಿಸುವ ಕಟ್ಟುಪಾಡೂ ಆಗಲೇ ಹೋಗಿತ್ತು. ಚುನಾವಣಾ ಬಾಂಡ್ ಯೋಜನೆಯನ್ನು ರದ್ದುಪಡಿಸಿದ 2024ರ ಫೆಬ್ರವರಿ 15ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಎರಡು ತಿದ್ದುಪಡಿಗಳನ್ನೂ ಅಸಿಂಧುಗೊಳಿಸಿತು. ಕಲಮನ್ನು ಉಲ್ಲಂಘಿಸಿದರೆ ಕಂಪನಿಗೆ ದೇಣಿಗೆಯ ಐದು ಪಟ್ಟಿನವರೆಗೆ ದಂಡ. ತಪ್ಪಿತಸ್ಥ ಅಧಿಕಾರಿಗೆ ಆರು ತಿಂಗಳವರೆಗೆ ಸೆರೆವಾಸ ಮತ್ತು ದಂಡ.

ಆದರೆ 20,000 ರೂಪಾಯಿ ಮೀರದ ದೇಣಿಗೆಯ ದಾನಿಗಳ ಹೆಸರನ್ನು ಪಕ್ಷಗಳು ಆಯೋಗಕ್ಕೆ ತಿಳಿಸಬೇಕಾಗಿಲ್ಲ. ದೊಡ್ಡ ಮೊತ್ತವನ್ನು ನೌಕರರ ಹೆಸರಿನಲ್ಲಿ ಹಂಚಿಬಿಡಿ ಎಂಬ ಸಲಹೆ ಹುಟ್ಟುವುದೇ ಈ ಸಂದಿಯಲ್ಲಿ. ಮಾಲೀಕನ ಗಲ್ಲಾಪೆಟ್ಟಿಗೆಯೂ ಸಂಸ್ಥೆಯ ಗಲ್ಲಾಪೆಟ್ಟಿಗೆಯೂ ಒಂದೇ ಆಗಿರುವ ಸಣ್ಣ ಉದ್ದಿಮೆಗಳಲ್ಲಿ ಇದು ಸುಲಭ, ಅಷ್ಟೇ ಅಪಾಯಕರ. ಮುಂಗಡ, ಬೋನಸ್ ಎಂದು ಬರೆದ ಹಣ ನಾಳೆ ತೆರಿಗೆ ಅಧಿಕಾರಿಯ ಮುಂದೆ ವಿವರಣೆ ಕೇಳುತ್ತದೆ. ಹೆಸರು ಕೊಟ್ಟ ಗುಮಾಸ್ತನೂ ತಾನು ಕೊಡದ ಹಣಕ್ಕೆ ಉತ್ತರಿಸಬೇಕಾಗುತ್ತದೆ.

ಆದ್ದರಿಂದ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ ಇಷ್ಟೇ. ಕಂಪನಿ ಕೊಡುವುದಾದರೆ ನಿರ್ಣಯ ಮಾಡಿ, ಬ್ಯಾಂಕಿನ ಮೂಲಕ, ಲೆಕ್ಕದಲ್ಲಿ ತೋರಿಸಿ ಕೊಡಲಿ. ಮಾಲೀಕರು ಕೊಡುವುದಾದರೆ ಸ್ವಂತ ಖಾತೆಯಿಂದ ಕೊಡಲಿ. ನೌಕರ ಯಾರಿಗೆ ಕೊಟ್ಟ, ಕೊಡಲಿಲ್ಲ ಎಂಬುದನ್ನು ಕೇಳುವ ಅಧಿಕಾರ ಸಂಬಳ ಕೊಡುವವರಿಗಿಲ್ಲ.