ಭಾಗವತರ ಪಾಲು, ಅರ್ಥಧಾರಿಯ ಪಾಲು

ನಮ್ಮ ಕೋಲಾರ, ಮಾಲೂರು ಸೀಮೆಯ ಕೇಳಿಕೆಯಲ್ಲಿ ಹಾಡಿನಂತೆ ಮಾತೂ ಬಹುಮಟ್ಟಿಗೆ ಬಾಯಿಪಾಠ. ಭಾಗವತರು ಕಲಿಸಿದ್ದನ್ನು ಪಾತ್ರಧಾರಿ ಒಪ್ಪಿಸುತ್ತಾನೆ. ಕರಾವಳಿ, ಕಾಸರಗೋಡಿನ ತಾಳಮದ್ದಳೆಯಲ್ಲಿ ಹಾಗಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪ್ರಸಂಗದ ಪದ್ಯ ಹಾಡುತ್ತಾರೆ; ಅರ್ಥಧಾರಿ ಆ ಕ್ಷಣಕ್ಕೆ ಹೊಳೆದ ಮಾತಿನಲ್ಲಿ ವಾದಿಸುತ್ತಾನೆ. ವಾಲಿಯ ಮರಣ ನಿಶ್ಚಿತ. ಮರೆಯಿಂದ ಬಾಣ ಬಿಟ್ಟ ರಾಮನನ್ನು ಅವನು ಹೇಗೆ ಪ್ರಶ್ನಿಸಬೇಕೆಂಬುದು ಮಾತ್ರ ಅರ್ಥಧಾರಿಗೆ ಬಿಟ್ಟದ್ದು. ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿ ಹೆಸರಾದದ್ದು ಈ ಸ್ವಾತಂತ್ರ್ಯದಿಂದಲೇ. ಮಾತು ಮಿತಿಮೀರಿದರೆ ಭಾಗವತರು ಮುಂದಿನ ಪದ್ಯವನ್ನೆತ್ತಿಕೊಂಡು ಕಥೆಯನ್ನು ದಾರಿಗೆ ತರುತ್ತಾರೆ, ತಾವೇ ವಾದಕ್ಕಿಳಿಯುವುದಿಲ್ಲ.

ತರಗತಿಗೂ ಇದೇ ನ್ಯಾಯ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಪಾಠವೂ ವೇಳೆಯ ಮಿತಿಯೂ ಉಪಾಧ್ಯಾಯರ ಹೊಣೆ. ಉತ್ತರ ವಿದ್ಯಾರ್ಥಿಯ ಹೊಣೆ. ಉತ್ತರವನ್ನೂ ನಾವೇ ಬರೆಸಿದರೆ ಮಕ್ಕಳು ವಾಲಿಯಂತೆ ಪ್ರಶ್ನಿಸುವುದನ್ನು ಎಂದು ಕಲಿತಾರು? ನಿಮ್ಮಲ್ಲಿ ಉಪಾಧ್ಯಾಯರಾಗಿರುವವರು ಪದ್ಯ ಹಾಡಿರಿ. ಅರ್ಥವನ್ನು ಮಕ್ಕಳಿಗೆ ಬಿಡಿರಿ.