ಹೊಗೆಸೊಪ್ಪಿನ ಮನೆಯ ಮನಸ್ಸು

ಹೊಗೆಸೊಪ್ಪು ಬೆಳೆಯೋರ ಬಗ್ಗೆ ಒಂದು ಮಾತು ಸಲೀಸಾಗಿ ಬಂದುಬಿಡುತ್ತೆ: "ಅವರ ಬುದ್ಧಿನೇ ಹಾಗೆ ಕಣ್ರೀ, ಎಷ್ಟು ಹೇಳಿದ್ರೂ ಬದಲಾಗಲ್ಲ." ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಒಂದು ಮನೆಯಲ್ಲಿ ಆಗಸ್ಟ್ ತಿಂಗಳು ನಾಲ್ಕು ದಿನ ಇದ್ದು ಬನ್ನಿ. ಆಮೇಲೆ ಮಾತಾಡೋಣ.

ಅಲ್ಲಿ ಮಕ್ಕಳು ಬೆಳೆಯೋದೇ ಬ್ಯಾರನ್ ಪಕ್ಕ. ಮುಂಗಾರು ಮಳೆಗೆ ನಾಟಿ, ಆಮೇಲೆ ಸೊಪ್ಪು ಮುರಿಯೋದು, ಕಡ್ಡಿಗೆ ಕಟ್ಟೋದು, ಐದಾರು ದಿನ ಹಗಲೂ ರಾತ್ರಿ ಸೌದೆ ಹಾಕಿ ಬೇಯಿಸೋದು. ಎಲೆ ಮುಟ್ಟಿದರೆ ಸಾಕು, ಯಾವ ದರ್ಜೆ ಅಂತ ಹೈಸ್ಕೂಲ್ ಹುಡುಗನೂ ಹೇಳ್ತಾನೆ. ಅಕ್ಕನ ಮದುವೆ, ಮನೆಯ ತಾರಸಿ, ಕಾಲೇಜಿನ ಫೀಸು ಎಲ್ಲವೂ "ಸೊಪ್ಪಿನ ದುಡ್ಡು ಬಂದ ಮೇಲೆ". ಸಿಗರೇಟು ಪ್ಯಾಕಿನ ಶೇ 85 ಭಾಗ ಈಗ ಎಚ್ಚರಿಕೆಗೇ ಮೀಸಲು. ಆ ಹುಡುಗ ಅದನ್ನೂ ನೋಡಿದ್ದಾನೆ, ತನ್ನ ಫೀಸು ಎಲ್ಲಿಂದ ಬಂತು ಅಂತಲೂ ಬಲ್ಲ.

ಕೆ.ಆರ್. ನಗರಕ್ಕೆ ಬನ್ನಿ. ನಾಲೆ ನೀರು ಹರಿಯೋ ಕಡೆ ಭತ್ತ, ನೀರು ಹತ್ತದ ಕಡೆ ಹೊಗೆಸೊಪ್ಪು. ಎರಡೂ ಕಡೆ ಇರೋರು ಒಂದೇ ಜನ, ಬೀಗರು, ನೆಂಟರು. ಬುದ್ಧಿ ರಕ್ತದಲ್ಲೇ ಬರೋದಾದ್ರೆ ಗದ್ದೆಯವನೂ ಬ್ಯಾರನ್ ಕಟ್ಟಬೇಕಿತ್ತಲ್ವಾ?

ಇನ್ನೊಂದು ಮಾತು. ಇವರ ಹಿರೀಕರು ರಾಗಿ, ಹುರುಳಿ, ಅವರೆ ಬೆಳೀತಿದ್ದೋರು. ಬದಲಾಗೋಕೆ ಬರದ ಜನ ವರ್ಜೀನಿಯಾ ತಂಬಾಕಿಗೆ ಹೇಗೆ ಹೋದರು? 1976ರಲ್ಲಿ ತಂಬಾಕು ಮಂಡಳಿ ಬಂತು. 1984ರಿಂದ ಕರ್ನಾಟಕದಲ್ಲಿ ಹರಾಜು ಶುರುವಾಯ್ತು. ನೋಂದಣಿ, ಬ್ಯಾಂಕ್ ಸಾಲ, ಗೊಬ್ಬರ, ಹರಾಜು ಕಟ್ಟೆ ಎಲ್ಲಾ ಒಟ್ಟಿಗೆ ಸಿಕ್ಕಿತು. ದರ ಕಮ್ಮಿಯಾದಾಗ ಗಲಾಟೆ ಆಗುತ್ತೆ, ನಿಜ. ಆದ್ರೂ ಕೊಳ್ಳೋನು ಎಲ್ಲಿ ಅಂತ ಹುಡುಕಬೇಕಿಲ್ಲ. ಶುಂಠಿ ನಂಬಿದವನ ಕಥೆ ಕೇಳಿ: ಒಂದು ವರ್ಷ ದರ ಆಕಾಶಕ್ಕೆ, ಇನ್ನೊಂದು ವರ್ಷ ಕಿತ್ತ ಕೂಲಿಯೂ ಹುಟ್ಟಲ್ಲ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯನ್ನೇ ನೋಡಿ. 1961ರ ಹೊತ್ತಿಗೆ ಅಲ್ಲಿಗೆ ಬಂದ ಟಿಬೆಟಿನ ಜನ ಚಳಿ ದೇಶದಲ್ಲಿ ಬಾರ್ಲಿ ಬೆಳೆದು, ಯಾಕ್ ಮೇಯಿಸಿದವರು. ಇಲ್ಲಿ ಕಾಡು ಕಡಿದು ಮುಸುಕಿನ ಜೋಳ ಬೆಳೆದರು. ಸರ್ಕಾರ ಭೂಮಿ ಕೊಟ್ಟಿತ್ತು, ಬೆನ್ನಿಗೆ ಸಹಕಾರ ಸಂಘ ನಿಂತಿತು. ಬೆಣ್ಣೆ ಚಹಾ ಮಾತ್ರ ಬಿಡಲಿಲ್ಲ, ಬಿಡೋದು ಯಾಕೆ!

2004ರಲ್ಲಿ ಭಾರತ ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಒಪ್ಪಿಕೊಂಡಿತು. ಬೆಳೆಗಾರರಿಗೆ ಬೇರೆ ದಾರಿ ತೋರಿಸಬೇಕು ಅಂತಲೂ ಅದರಲ್ಲಿದೆ. ನಮ್ಮಲ್ಲಿ ದಾರಿಗಿಂತ ಉಪದೇಶವೇ ಜಾಸ್ತಿ ಬಂತು ಅನ್ನೋದು ನನ್ನ ಅಭಿಪ್ರಾಯ.

ಈ ಲೆಕ್ಕದಲ್ಲಿ ಬರದೇ ಹೋದವಳು ಒಬ್ಬಳಿದ್ದಾಳೆ. ಗದ್ದೆ ಸೀಮೆಯಿಂದ ಹೊಗೆಸೊಪ್ಪಿನ ಮನೆಗೆ ಸೊಸೆಯಾಗಿ ಬಂದವಳು. ಮಳೆಯಲ್ಲಿ ನೆಂದ ಎಲೆ ಮುರಿದರೆ ನಿಕೋಟಿನ್ ಚರ್ಮದಿಂದಲೇ ಮೈಗೆ ಇಳಿಯುತ್ತೆ. ತಲೆ ಸುತ್ತು, ವಾಂತಿ. "ಮೊದಮೊದಲು ಹಾಗೇ ಕಣವ್ವ, ಅಭ್ಯಾಸ ಆಗುತ್ತೆ" ಅಂತಾರೆ ಅತ್ತೆ. ಅವರಿಗೂ ಅವರತ್ತೆ ಹಾಗೇ ಹೇಳಿದ್ದು. ಈಗಿನ ಕೆಲವು ಸೊಸೆಯಂದಿರು ಕೈಗವಸು ಕೇಳ್ತಾರೆ, ಉದ್ದ ತೋಳಿನ ಗಂಡನ ಹಳೇ ಶರ್ಟು ಹಾಕ್ಕೊಂಡು ಹೊಲಕ್ಕೆ ಇಳೀತಾರೆ. "ಒಂದೆಕರೆಗಾದ್ರೂ ಬೇರೆ ಏನಾದ್ರೂ ಹಾಕಿ ನೋಡೋಣ" ಅನ್ನೋ ಮಾತನ್ನ ನಾನು ಹೆಚ್ಚಾಗಿ ಕೇಳಿರೋದು ಇವರ ಬಾಯಲ್ಲೇ. ಗಂಡ ಹೂಂ ಅಂತಾನೆ, "ಯಾರು ಕೊಳ್ತಾರೆ?" ಅಂತ ಕೇಳ್ತಾನೆ. ಅದಕ್ಕೆ ಉತ್ತರ ಅವಳ ಹತ್ತಿರ ಇಲ್ಲ.